ಹಿಮದ ಮೇಲೊಂದು ಸರಳೆ ವರಸೆ

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ವೇದಾವತಿ ದಂಡೆಯ ಊರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಇಲ್ಲಿನ ಶೇಂಗಾ ಬೆಳೆಗಾರ ಮುಗಿಲು ನೋಡುವುದು ನಾಲ್ಕು ಹನಿ ನೀರಿಗಾಗಿ. ಮುಗಿಲಿನಿಂದ ಹಿಮ ಉದುರುವುದನ್ನು ಇಲ್ಲಿಯವರು ಕಂಡದ್ದು ಸಿನಿಮಾ ಪರದೆಯ ಮೇಲೆ, ಕೇಳಿದ್ದು ಸೈನ್ಯಕ್ಕೆ ಸೇರಿ ಕಾಶ್ಮೀರಕ್ಕೆ ಹೋಗಿಬಂದವರ ಬಾಯಲ್ಲಿ. ಇಂಥ ಬಿಸಿಲು ನಾಡಿಗೂ, ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ವಿದ್ಯೆಗೂ ಎತ್ತಣಿಂದೆತ್ತ ಸಂಬಂಧ?

ಸಂಬಂಧ ಎರಡು ಬಗೆಯದು. ಭಾರತದ ಸೈನಿಕರಿಗೆ ಈ ವಿದ್ಯೆಯನ್ನು ಕ್ರಮಬದ್ಧವಾಗಿ ಕಲಿಸುವ ಶಾಲೆ ಹುಟ್ಟಿದ್ದು ಕೊಡಗಿನ ಒಬ್ಬ ಸೇನಾನಿಯ ಆಜ್ಞೆಯಿಂದ ಎಂಬುದು ಮೊದಲನೆಯದು. ಅದನ್ನು ಕಲಿಸುವ ರೀತಿ ನಮ್ಮ ಸಂಗೀತದ ಸರಳೆ ವರಸೆಗೂ, ದುರ್ಗದ ಸೀಮೆಗೆ ಚಿರಪರಿಚಿತವಾದ ಗರಡಿಮನೆಯ ಸಾಮಿಗೂ ತೀರ ಹತ್ತಿರದ್ದು ಎಂಬುದು ಎರಡನೆಯದು.

ಜೋಜಿಲಾ ಕಲಿಸಿದ ಪಾಠ

ಕಾಶ್ಮೀರ ಕಣಿವೆಯಿಂದ ಲಡಾಖಿಗೆ ಹೋಗುವ ದಾರಿ ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಮಾರ್ಗವನ್ನು ಹಾಯುತ್ತದೆ. 1948ರಲ್ಲಿ ಪಾಕಿಸ್ತಾನದ ಕಡೆಯ ಪಡೆಗಳು ಅದನ್ನು ಹಿಡಿದು ಕುಳಿತಾಗ ಲೇಹ್ ಪಟ್ಟಣಕ್ಕೆ ಶ್ರೀನಗರದ ದಾರಿ ಕಡಿದುಹೋಯಿತು. ಆಗ ಅಲ್ಲಿನ 19ನೇ ಪದಾತಿ ಡಿವಿಜನ್ನಿನ ದಂಡನಾಯಕರಾಗಿದ್ದವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಅಷ್ಟು ಎತ್ತರಕ್ಕೆ ಟ್ಯಾಂಕುಗಳು ಬಂದಾವೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಅವನ್ನು ಗುಟ್ಟಾಗಿ ಮೇಲಕ್ಕೆ ಸಾಗಿಸಿ, ನವೆಂಬರ್ 1ರಂದು ದಾಳಿ ನಡೆಸಿ ಮಾರ್ಗವನ್ನು ಬಿಡಿಸಿಕೊಳ್ಳಲಾಯಿತು.

ಆದರೆ ಶತ್ರುವಿನ ಹಿಂದೆಯೇ ಚಳಿಗಾಲ ಕಾದಿತ್ತು. ಹೊಸ ಹಿಮದಲ್ಲಿ ಬರಿ ಬೂಟಿನ ಮನುಷ್ಯ ಮೊಣಕಾಲಿನವರೆಗೆ, ಒಮ್ಮೊಮ್ಮೆ ಸೊಂಟದವರೆಗೆ ಹೂತುಹೋಗುತ್ತಾನೆ. ಅರ್ಧ ಮೈಲಿ ನಡೆಯುವಷ್ಟರಲ್ಲಿ ಏದುಸಿರು. ಉದ್ದನೆಯ ಹಲಗೆ ಅವನ ಭಾರವನ್ನು ಹರಡುತ್ತದೆ. ಹೂಳುವ ಬದಲು ಅವನು ತೇಲುತ್ತಾನೆ. 1948ರ ಡಿಸೆಂಬರಿನಲ್ಲಿ ತಿಮ್ಮಯ್ಯನವರ ಆಜ್ಞೆಯಂತೆ ಡಿವಿಜನ್ನಿನ ಸ್ಕೀ ಶಾಲೆ ಆರಂಭವಾಯಿತು. ಮರುವರ್ಷ ಅದು ಚಳಿಗಾಲದ ಯುದ್ಧಶಾಲೆಯೆನಿಸಿತು. 1962ರಲ್ಲಿ ಅದಕ್ಕೆ ಎತ್ತರ ಪ್ರದೇಶದ ಯುದ್ಧಶಾಲೆ ಎಂಬ ಈಗಿನ ಹೆಸರು ಬಂತು. ಗುಲ್ಮಾರ್ಗದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲೇ ಸ್ಕೀ ಕ್ಲಬ್ಬು ಕಟ್ಟಿಕೊಂಡಿದ್ದರು. ಅವರಿಗೆ ಅದು ರಜೆಯ ಮೋಜು. ಸಾಹೇಬರ ಮೋಜು ಜವಾನನ ಪಾಠವಾದದ್ದು ಜೋಜಿಲಾದ ನಂತರ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹಲಗೆಯ ಮೇಲೆ ಜಾರುವುದೇನೂ ದೊಡ್ಡ ವಿದ್ಯೆಯಲ್ಲ, ಇಳಿಜಾರೇ ಜಾರಿಸುತ್ತದೆ. ವಿದ್ಯೆ ಇರುವುದು ತಿರುಗುವುದರಲ್ಲಿ. ತಿರುಗಲು ಬಾರದವನು ನಿಲ್ಲಲಾರ, ಬಂಡೆಯನ್ನು ತಪ್ಪಿಸಲಾರ. ಬೆನ್ನ ಮೇಲೆ ಹೊರೆ, ಹೆಗಲಿಗೆ ಬಂದೂಕು ಇರುವವನು ವೈದ್ಯರಿಂದ ದೂರದ ಬೆಟ್ಟದಲ್ಲಿ ಕಾಲು ಮುರಿದುಕೊಂಡರೆ ಅವನೊಬ್ಬನೇ ಅಲ್ಲ, ಹೊತ್ತು ತರಬೇಕಾದ ಇಡೀ ತಂಡವೇ ಅಪಾಯಕ್ಕೆ ಸಿಕ್ಕುತ್ತದೆ.

ತಿರುವಿನ ವಂಶಾವಳಿ

ಸ್ಕೀ ಹಲಗೆ ಸಾವಿರಾರು ವರ್ಷ ಹಳೆಯದು. ಆದರೆ ಹಿಮ್ಮಡಿಗೆ ಸರಿಯಾದ ಕಟ್ಟಿಲ್ಲದಿದ್ದರೆ ಅದು ತಿರುವಿನಲ್ಲಿ ಮಾತು ಕೇಳುವುದಿಲ್ಲ. ನಾರ್ವೆಯ ಟೆಲೆಮಾರ್ಕ್ ಸೀಮೆಯ ಸೋಂಡ್ರೆ ನೂರ್‌ಹೈಮ್ ಎಂಬ ಬಡ ರೈತ 19ನೇ ಶತಮಾನದ ಮಧ್ಯಭಾಗದಲ್ಲಿ ಬಳ್ಳಿಯಂಥ ಕಡ್ಡಿಗಳನ್ನು ಹೊಸೆದು ಹಿಮ್ಮಡಿಯನ್ನು ಬಳಸಿ ಕಟ್ಟಿದ. ಹಲಗೆಯ ನಡುವನ್ನು ಕೊಂಚ ಸಣ್ಣಗೆ ಕೆತ್ತಿದ. ಸೊಂಟ ಬಂದ ಹಲಗೆ ಓರೆಯಾದಾಗ ತಾನೇ ಕಮಾನಿನಂತೆ ಬಾಗಿ ತಿರುವಿನ ದಾರಿ ಹಿಡಿಯುತ್ತದೆ. 1868ರಲ್ಲಿ ಆತ ರಾಜಧಾನಿ ಕ್ರಿಶ್ಚಿಯಾನಿಯಾಕ್ಕೆ, ಅಂದರೆ ಇಂದಿನ ಓಸ್ಲೋ ನಗರಕ್ಕೆ, ಬಂದು ಜಾರಿ ತಿರುಗಿ ನಿಂತಾಗ ನೋಡಿದವರು ಬೆರಗಾದರು. ಒಂದು ಬಗೆಯ ತಿರುವಿಗೆ ಆ ನಗರದ ಹೆಸರೇ ಅಂಟಿಕೊಂಡಿತು.

ನಾರ್ವೆಯ ಉರುಟು ಗುಡ್ಡಗಳ ವಿದ್ಯೆ ಆಲ್ಪ್ಸ್‌ನ ಕಡಿದಾದ ಇಳಿಜಾರಿಗೆ ಸಾಲಲಿಲ್ಲ. ಆಸ್ಟ್ರಿಯದ ಮಥಿಯಾಸ್ ಜ್ದಾರ್ಸ್ಕಿ 1890ರ ದಶಕದಲ್ಲಿ ಅದಕ್ಕೆ ಹೊಸ ಕ್ರಮ ಹುಡುಕಿ ಪುಸ್ತಕ ಬರೆದ. 1907ರಲ್ಲಿ ಆರ್ಲ್‌ಬರ್ಗ್ ಸೀಮೆಯ ಸೇಂಟ್ ಆಂಟನ್ ಹಳ್ಳಿಯಲ್ಲಿ ಕಲಿಸತೊಡಗಿದ ಹಾನೆಸ್ ಶ್ನೈಡರ್ ಅದನ್ನು ತರಗತಿಯ ಪಾಠವಾಗಿಸಿದ. ಮೊದಲನೆಯ ಮಹಾಯುದ್ಧದಲ್ಲಿ ಪರ್ವತ ಸೈನಿಕರಿಗೂ ಕಲಿಸಿದ ಅನುಭವ ಅವನದು. ಪ್ರತಿಭೆ ಇದ್ದವನಿಗೆ ಮಾತ್ರ ಬರುವ ಕಸರತ್ತನ್ನು ಯಾರಿಗೂ ಬರುವ ಮೆಟ್ಟಿಲುಗಳಾಗಿ ಒಡೆದದ್ದು ಅವನ ಸಾಧನೆ. ನಾಜಿಗಳು 1938ರಲ್ಲಿ ಅವನನ್ನು ಸೆರೆಗೆ ತಳ್ಳಿದರು. ಮರುವರ್ಷ ಅವನು ಅಮೆರಿಕ ಸೇರಿದ, ವಿದ್ಯೆಯೂ ಜತೆಗೆ ಹೋಯಿತು.

ನಮ್ಮಲ್ಲಿ ಪುರಂದರದಾಸರ ಹೆಸರಿನಲ್ಲಿ ನಿಂತಿರುವ ಪಾಠಕ್ರಮವೂ ಇಂಥದೇ. ರಾಗಾಲಾಪನೆಯನ್ನು ಯಾರೂ ಮೊದಲ ದಿನ ಕಲಿಸುವುದಿಲ್ಲ. ಸರಳೆ, ಜಂಟಿ, ಅಲಂಕಾರ, ಆಮೇಲೆ ಗೀತೆ. ಪ್ರತಿಯೊಂದನ್ನೂ ಮೂರು ಕಾಲದಲ್ಲಿ ಹಾಡಿ ಪಳಗಬೇಕು.

ಇಳಿಜಾರಿನ ಪಾಠಗಳು

ಸ್ಕೀ ಕಲಿಯುವವನ ಮೊದಲ ಶತ್ರು ಅವನ ಹೆದರಿಕೆ. ಇಳಿಜಾರು ಕಂಡೊಡನೆ ಮೈ ತಾನಾಗಿ ಬೆಟ್ಟದ ಕಡೆಗೆ, ಹಿಂದಕ್ಕೆ ವಾಲುತ್ತದೆ. ಭಾರ ಹಿಮ್ಮಡಿಗೆ ಬೀಳುತ್ತದೆ. ಹಲಗೆಯ ಮೂತಿ ಹಗುರಾಗಿ ಹಿಡಿತ ತಪ್ಪುತ್ತದೆ. ಹಲಗೆ ಸವಾರನನ್ನು ಹೊತ್ತು ಓಡುತ್ತದೆ. ಬೀಳಬಾರದೆಂದು ಮಾಡಿದ್ದೇ ಬೀಳಿಸುತ್ತದೆ. ಸರಿಯಾದ ಉಪಾಯ ಇದಕ್ಕೆ ತದ್ವಿರುದ್ಧ: ಯಾವ ಕಡೆ ಬೀಳುವ ಭಯವೋ ಆ ಕಡೆಗೇ, ಕಣಿವೆಯ ಕಡೆಗೇ, ಮೈಯನ್ನು ಒಪ್ಪಿಸಬೇಕು. ಇದನ್ನು ಹೇಳುವುದು ಸುಲಭ. ಆದರೆ ಮೈ ಉಪದೇಶ ಕೇಳುವುದಿಲ್ಲ, ಅಭ್ಯಾಸವನ್ನು ಮಾತ್ರ ಕೇಳುತ್ತದೆ.

ಆದ್ದರಿಂದ ಪಾಠ ಸಮತಟ್ಟು ನೆಲದಲ್ಲಿ, ಒಂದೇ ಕಾಲಿಗೆ ಹಲಗೆ ಕಟ್ಟಿಕೊಂಡು ನಡೆಯುವುದರಿಂದ ಆರಂಭ. ಆಮೇಲೆ ದಿಬ್ಬವನ್ನು ಅಡ್ಡಡ್ಡಲಾಗಿ, ಮೆಟ್ಟಿಲು ಹತ್ತಿದಂತೆ ಹತ್ತುವುದು. ಹಲಗೆಯ ಉಕ್ಕಿನ ಅಂಚು ಹಿಮವನ್ನು ಕಚ್ಚುವುದು ಆಗ ಪಾದಕ್ಕೆ ಅರ್ಥವಾಗುತ್ತದೆ. ಮುಂದಿನದು ಹಿಮದ ನೇಗಿಲು: ಎರಡು ಹಲಗೆಗಳ ಮೂತಿ ಹತ್ತಿರ, ಬಾಲ ದೂರ. ಒಳ ಅಂಚುಗಳನ್ನು ಒತ್ತಿದರೆ ವೇಗ ಕುಗ್ಗುತ್ತದೆ. ಬಲಗಾಲನ್ನು ಹೆಚ್ಚು ಒತ್ತಿದರೆ ಎಡಕ್ಕೆ, ಎಡಗಾಲನ್ನು ಒತ್ತಿದರೆ ಬಲಕ್ಕೆ ತಿರುವು. ತಿರುವಿನ ಹೊರಗಾಲೇ ಯಜಮಾನ ಎಂಬ ಮೂಲಸೂತ್ರ ಇಲ್ಲೇ ಸಿಕ್ಕುವುದು.

ಬಳಿಕ ಇಳಿಜಾರನ್ನು ಅಡ್ಡಹಾಯುವುದು, ಅಂಚು ಸಡಿಲಿಸಿ ಪಕ್ಕಕ್ಕೆ ಜಾರುವುದು, ಮತ್ತೆ ಅಂಚು ಒತ್ತಿ ನಿಲ್ಲುವುದು. ಸುರಿದ ನೀರು ನೇರವಾಗಿ ಯಾವ ದಾರಿಯಲ್ಲಿ ಹರಿದೀತೋ ಅದೇ ಅತಿ ಕಡಿದಾದ ದಾರಿ. ಅದರ ಕಡೆಗೆ ಕೊಂಚ ತಿರುಗಿ, ದಾಟದೆ ಹಿಂದೆ ಸರಿಯುವ ಅಭ್ಯಾಸವನ್ನು ಬೆಟ್ಟದುದ್ದಕ್ಕೂ ಮಾಡಿಸುತ್ತಾರೆ. ಹಿಮದ ಮೇಲೆ ಉಳಿಯುವ ಗೆರೆ ಬಾಗಿಲಿಗೆ ಕಟ್ಟಿದ ತೋರಣದಂತೆ ಕಾಣುತ್ತದೆ. ಯುರೋಪಿನ ಶಿಕ್ಷಕರೂ ಇದನ್ನು ಹೂಮಾಲೆ ಎಂದೇ ಕರೆಯುತ್ತಾರೆ. ಪೂರ್ಣ ತಿರುವಿನ ಭಯವನ್ನು ತುತ್ತು ತುತ್ತಾಗಿ ನುಂಗಿಸುವ ಉಪಾಯವಿದು.

ಇಷ್ಟಾದ ಮೇಲೆ ಸಮಾಂತರ ತಿರುವು, ಅಂದರೆ ಎರಡೂ ಹಲಗೆಗಳು ಆರಂಭದಿಂದ ಕೊನೆಯವರೆಗೆ ರೈಲು ಕಂಬಿಗಳಂತೆ ಜತೆಯಾಗಿಯೇ ಸಾಗುವ ತಿರುವು. ಮೊದಲು ನೇಗಿಲಿನಿಂದ ತಿರುವು ಶುರುಮಾಡಿ ಕೊನೆಯಲ್ಲಿ ಹಲಗೆಗಳನ್ನು ಕೂಡಿಸುತ್ತಾರೆ. ದಿನ ಕಳೆದಂತೆ ಕೂಡಿಸುವ ಗಳಿಗೆ ಹಿಂದೆ ಹಿಂದೆ ಸರಿಯುತ್ತದೆ. ಒಂದು ದಿನ ನೇಗಿಲು ಮಾಯವಾಗುತ್ತದೆ. ತಿರುವಿನ ನಡುವೆ ಒಳಗಾಲನ್ನು ಎತ್ತಿ ಹಿಡಿಯುವುದು, ಸಣ್ಣ ಹೆಜ್ಜೆ ಹಾಕುತ್ತಲೇ ತಿರುಗುವುದು ಹೊರಗಾಲಿನ ಭಾರ ಪರೀಕ್ಷಿಸುವ ಅಭ್ಯಾಸಗಳು. ಕೈಕೋಲುಗಳನ್ನು ಎದೆಯ ಮುಂದೆ ತಟ್ಟೆಯಂತೆ ಅಡ್ಡ ಹಿಡಿದು ಇಳಿಯುವುದು, ಕಾಲು ತಿರುಗಿದರೂ ಎದೆ ಕಣಿವೆಯ ಕಡೆಗೇ ಇರಲೆಂದು. ಕೊನೆಗೆ ಪ್ರತಿ ತಿರುವಿಗೂ ಕೋಲೂರುವುದು. ಅದು ತಾಳದ ಪೆಟ್ಟು.

ಮರೆಯಬೇಕಾದದ್ದನ್ನು ಕಲಿಸುವುದೇಕೆ?

ಈ ಕ್ರಮಕ್ಕೆ ಆಕ್ಷೇಪಣೆ ಬರದಿರಲಿಲ್ಲ. 1930ರ ದಶಕದಲ್ಲಿ ಆಸ್ಟ್ರಿಯದವನೇ ಆದ ಆಂಟನ್ ಸೀಲೋಸ್ ಶುದ್ಧ ಸಮಾಂತರ ತಿರುವಿನಿಂದ ವಿಶ್ವ ಚಾಂಪಿಯನ್ ಆದ. ಫ್ರಾನ್ಸಿನ ಎಮಿಲ್ ಅಲೈ 1937 ಮತ್ತು 1938ರಲ್ಲಿ ವಿಶ್ವ ಪ್ರಶಸ್ತಿ ಗೆದ್ದು, ನೇಗಿಲನ್ನು ಆದಷ್ಟು ಬದಿಗಿಟ್ಟು ಪಕ್ಕಕ್ಕೆ ಜಾರುವುದರಿಂದಲೇ ಸಮಾಂತರಕ್ಕೆ ಒಯ್ಯುವ ಫ್ರೆಂಚ್ ಕ್ರಮವನ್ನು ರೂಪಿಸಿದ. ಆ ಪಕ್ಷದ ವಾದ ಸರಳ: ಕೊನೆಗೆ ಬಿಡಬೇಕಾದ ಚಟವನ್ನು ಮೊದಲು ಅಂಟಿಸುವುದೇಕೆ? ಮಕ್ಕಳ ಸೈಕಲ್ಲಿಗೆ ಎರಡು ಪುಟ್ಟ ಗಾಲಿ ಜೋಡಿಸಿದರೆ ಬೀಳುವ ಭಯ ಹೋಗುತ್ತದೆ, ನಿಜ. ವಾಲಿ ತಿರುಗುವ ಪಾಠವೂ ತಡವಾಗುತ್ತದೆ.

ಎದುರು ವಾದವೂ ಹಗುರವಲ್ಲ. ನಿಲ್ಲಲು ಬರುತ್ತದೆಂಬ ನಂಬಿಕೆಯಿಲ್ಲದವನು ಕಣಿವೆಗೆ ಮೈಯೊಡ್ಡಲಾರ. ನೇಗಿಲು ಕೊಡುವುದು ಆ ನಂಬಿಕೆಯನ್ನು. 1990ರ ದಶಕದಲ್ಲಿ ಹಲಗೆಗಳು ಗಿಡ್ಡವಾಗಿ, ಸೊಂಟ ಇನ್ನೂ ಸಣ್ಣದಾದ ಮೇಲೆ ನೇಗಿಲಿನಿಂದ ಸಮಾಂತರಕ್ಕೆ ಸಾಗುವ ದಾರಿ ಹತ್ತಿರವಾಗಿದೆ. ಆದರೂ ಹೊಸಬರ ಮೊದಲ ದಿನ ನೇಗಿಲು ಇಂದಿಗೂ ಹೋಗಿಲ್ಲ. ಇದು ಸ್ಕೀಗೆ ಮಾತ್ರ ಸೇರಿದ ಜಗಳವಲ್ಲ. ಅಕ್ಷರ ಕಲಿಸುವ ಮೇಷ್ಟರಿಂದ ಮಗ್ಗ ಕಲಿಸುವ ಮೊಳಕಾಲ್ಮೂರಿನ ನೇಕಾರನವರೆಗೆ ಎಲ್ಲರೂ ಎಂದಾದರೂ ಎದುರಿಸುವ ಪ್ರಶ್ನೆ.

ಹಿಮವಿಲ್ಲದ ನಾಡಿನವರು

ಗುಲ್ಮಾರ್ಗದಲ್ಲಿ ಸೈನ್ಯದ ಶಾಲೆಯಷ್ಟೇ ಅಲ್ಲ, ಸಾರ್ವಜನಿಕರಿಗೂ ಸ್ಕೀ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಅದೇ ಸೀಮೆಯ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿ ಇಳಿದು, ಜೈಂಟ್ ಸ್ಲಾಲೋಮ್‌ನಲ್ಲಿ 45ನೆಯವರಾಗಿ ಗುರಿ ಮುಟ್ಟಿದರು. ಹಿಮದ ನಡುವೆ ಬೆಳೆದವರ ಮಾತಾಯಿತು ಇದು. ಆದರೆ ಹಿಮವನ್ನೇ ಕಾಣದ ಕೊಡಗಿನಿಂದ ಹೋದ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅವರದು ಹಿಮ್ಮಡಿ ಬಿಡುವಾಗಿರುವ ಹಲಗೆಯ ಮೇಲೆ ದೂರ ಓಡುವ ಕ್ರಾಸ್ ಕಂಟ್ರಿ ವಿಭಾಗ. ಸಮಾಂತರ ತಿರುವಿನ ಸೋದರ ವಿದ್ಯೆ.

ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. 1965ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಹೊಣೆ ಹೊತ್ತು ಸೈಪ್ರಸ್ಸಿನಲ್ಲಿದ್ದಾಗ ತೀರಿಕೊಂಡರು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಜೋಜಿಲಾ ದಾಳಿಯ ಸಾಹಸವನ್ನು ಎಲ್ಲರೂ ನೆನೆಯುತ್ತಾರೆ. ಅದರ ಬೆನ್ನಿಗೇ ಅವರು ತೆರೆದ ಶಾಲೆಯ ನೆನಪು ಅಷ್ಟಾಗಿ ಇಲ್ಲ. ಗೆದ್ದ ಕಣಿವೆಯನ್ನು ಚಳಿಗಾಲದಲ್ಲಿ ಉಳಿಸಿಕೊಳ್ಳಬೇಕಾದವನು ಕೊನೆಗೂ ದಿಬ್ಬದ ಮೇಲೆ ಬಿದ್ದು ಎದ್ದು, ಅದೇ ತಿರುವನ್ನು ನೂರಾರು ಸಲ ತಿದ್ದಿಕೊಂಡ ಜವಾನ. ಅವನಲ್ಲಿ ಬಯಲುಸೀಮೆಯವನೂ ಇದ್ದಾನು, ಕರಾವಳಿಯವನೂ ಇದ್ದಾನು. ಅವನು ಯಾವ ಊರಿನವನೆಂದು ಹಿಮ ಕೇಳುವುದಿಲ್ಲ. ಪಾಠ ಮೈಗೆ ಹತ್ತಿದೆಯೇ ಎಂದಷ್ಟೇ ನೋಡುತ್ತದೆ.