ಸೀಸದ ಎರಕ ಮತ್ತು ಮನೆಯ ಮಕ್ಕಳು

ಹವ್ಯಾಸಕ್ಕಾಗಿ ಮನೆಯಲ್ಲಿಯೇ ಬೊಂಬೆ, ಪದಕ, ತೂಗುಗುಂಡುಗಳನ್ನು ಎರಕ ಹೊಯ್ಯುವವರಿಗೆ ಸೀಸವು ಬಹು ಮೆಚ್ಚಿನ ಲೋಹ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೀಸವಾದರೋ 327 ಡಿಗ್ರಿಯಲ್ಲಿಯೇ ಕರಗುತ್ತದೆ. ಮನೆಯ ಒಲೆಯೇ ಅದಕ್ಕೆ ಸಾಕು. ಈ ಸುಲಭತೆಯಲ್ಲಿಯೇ ಅಪಾಯ ಅಡಗಿದೆ.

ಇಲ್ಲಿ ಹೊಗೆಯೊಂದಕ್ಕೇ ಅಂಜಿದರೆ ಸಾಲದು. ಸೀಸ ಕುದಿಯುವುದು 1749 ಡಿಗ್ರಿಯಲ್ಲಿ; ಆದುದರಿಂದ ಶಾಖವನ್ನು ಮಿತಿಯಲ್ಲಿಟ್ಟರೆ ಏಳುವ ಆವಿ ಅಲ್ಪ. ಆದರೆ ಕರಗಿದ ಲೋಹದ ಮೇಲೆ ಕಟ್ಟುವ ಕಿಟ್ಟವು ನಯವಾದ ಪುಡಿಯಾಗಿ ಕೈಗೆ, ಬಟ್ಟೆಗೆ, ಪಾದರಕ್ಷೆಗೆ ಅಂಟಿ ಮನೆಯೊಳಗೆ ಬರುತ್ತದೆ. ಅಂಬೆಗಾಲಿಡುವ ಮಗು ನೆಲಕ್ಕೆ ಊರಿದ ಕೈಯನ್ನೇ ಬಾಯಿಗಿಡುತ್ತದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹವು ದೊಡ್ಡವರಿಗಿಂತ 4-5 ಪಟ್ಟು ಹೆಚ್ಚಾಗಿ ಹೀರಿಕೊಳ್ಳಬಲ್ಲದು. ಅದು ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಎಲುಬಿನಲ್ಲಿ ವರ್ಷಗಟ್ಟಲೆ ಉಳಿದ ಸೀಸವು ಗರ್ಭಕಾಲದಲ್ಲಿ ತಾಯಿಯ ರಕ್ತಕ್ಕೆ ಮರಳಿ, ಒಡಲಿನ ಶಿಶುವನ್ನೂ ಮುಟ್ಟುತ್ತದೆ. ನಿರಪಾಯವೆನ್ನಬಹುದಾದ ಪ್ರಮಾಣವೇ ಇದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ಆದುದರಿಂದ ಮಕ್ಕಳಾಗಲಿ ಗರ್ಭಿಣಿಯರಾಗಲಿ ಇರುವ ಮನೆಯಲ್ಲಿ ಈ ಕೆಲಸವನ್ನು ಕೈಬಿಡುವುದೇ ಲೇಸು. ಬೊಂಬೆಗಳಿಗೆ ಸೀಸ ಬೆರೆಯದ ತವರದ ಮಿಶ್ರಲೋಹ ಸಾಕು.

ಉಳಿದವರು ಕೆಲವು ಕಟ್ಟಳೆಗಳನ್ನು ತಪ್ಪದೆ ಪಾಲಿಸತಕ್ಕದ್ದು. ಅಡಿಗೆಮನೆಯಲ್ಲಿ ಸೀಸ ಕರಗಿಸಲೇಬಾರದು. ಮನೆಯಿಂದ ದೂರವಾದ, ಗಾಳಿಯಾಡುವ, ಮಳೆನೀರು ಬೀಳದ ಜಾಗವೇ ತಕ್ಕುದು. ದಪ್ಪ ಕಬ್ಬಿಣದ ಪಾತ್ರೆಯೊಂದನ್ನು ಇದಕ್ಕೆಂದೇ ಮೀಸಲಿಟ್ಟು, ಅದನ್ನು ಮತ್ತೆಂದೂ ಅಡಿಗೆಗೆ ಬಳಸಬಾರದು. ಅಚ್ಚು, ಸೌಟು, ಲೋಹದ ತುಂಡು ಎಲ್ಲವೂ ಸಂಪೂರ್ಣ ಒಣಗಿರಬೇಕು. ಒಂದು ಹನಿ ನೀರು ಕಾದ ಸೀಸದಡಿ ಸಿಕ್ಕಿದರೂ ಕ್ಷಣಾರ್ಧದಲ್ಲಿ ಆವಿಯಾಗಿ ಲೋಹವನ್ನು ಮುಖಕ್ಕೆ ಸಿಡಿಸುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವುಸು, ಮೈತುಂಬ ಹತ್ತಿಯ ಬಟ್ಟೆ, ಕಾಲಿಗೆ ಬೂಟು ಇರಲಿ. ಮೂಗಿಗೆ ಕಟ್ಟಿದ ಕರವಸ್ತ್ರ ಸೀಸದ ಸೂಕ್ಷ್ಮ ಧೂಳನ್ನು ತಡೆಯಲಾರದು. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುವ ಸಾಹಸ ಸರ್ವಥಾ ಸಲ್ಲದು. ಅವುಗಳನ್ನು ಅಂಗಡಿಗೇ ಹಿಂದಿರುಗಿಸಬೇಕು.

ಕೆಲಸ ಮುಗಿದ ಬಳಿಕ ನೆಲವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ತಣಿದ ಕಿಟ್ಟವನ್ನು ಮುಚ್ಚಳದ ಡಬ್ಬಿಯಲ್ಲಿ ಹೆಸರು ಬರೆದಿಡಬೇಕು. ತಿಪ್ಪೆಗಾಗಲಿ ಚರಂಡಿಗಾಗಲಿ ಎಸೆಯಬಾರದು. ಸೋಪಿನಿಂದ ಕೈಮುಖ ತೊಳೆಯದೆ ನೀರನ್ನೂ ಮುಟ್ಟಬಾರದು. ಉಟ್ಟ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು. ಇಂತಹ ಕೆಲಸ ಆಗಾಗ ಮಾಡುವವರು ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ನಮ್ಮ ದೇಶವು 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ಕೈಬಿಟ್ಟಿತು. ಮನೆಗೆ ಬಳಿಯುವ ಬಣ್ಣದಲ್ಲಿ ಅದು ಹತ್ತು ಲಕ್ಷ ಭಾಗಗಳಲ್ಲಿ 90ನ್ನು ಮೀರಬಾರದೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಬೀದಿಯಿಂದಲೂ ಗೋಡೆಯಿಂದಲೂ ದೂರವಿರಿಸಿದ ವಿಷವನ್ನು ನಾವೇ ಕೈಯಾರೆ ತೊಟ್ಟಿಲಿನ ಬಳಿಗೆ ಒಯ್ಯದಿರೋಣ.