ಪೀಣ್ಯದ ಸದ್ದು, ಷರೀಫರ ಮಾತು: ಕನ್ನಡದಲ್ಲಿ ರಾಕ್ ಕೂರುತ್ತಾ?

ರಾಕ್ ವಿಷಯ ಬಂದರೆ ನಮ್ಮ ಹಾಸ್ಟೆಲಿನಲ್ಲಿ ಎರಡು ಪಕ್ಷ ಆಗುತ್ತೆ. "ಕನ್ನಡದಲ್ಲಿ ರಾಕ್ ಕೂರಲ್ಲ ಗುರು, ಅದು ಇಂಗ್ಲಿಷ್ ಮಾಲು" ಅನ್ನೋದು ಒಂದು. "ಗಿಟಾರ್ ಜೋರಾಗಿ ಬಾರಿಸಿದರೆ ಯಾವ ಭಾಷೆಯಾದರೂ ರಾಕೇ" ಅನ್ನೋದು ಇನ್ನೊಂದು. ನಮಗೆ ಎರಡೂ ಒಪ್ಪಿಗೆಯಿಲ್ಲ. ಯಾಕೆ ಅಂತ ಕೆಲವು ಆಲ್ಬಮ್, ಒಂದು ಪುಸ್ತಕ ಇಟ್ಟುಕೊಂಡು ಹೇಳುತ್ತೇವೆ.

ಕಾರ್ಖಾನೆಯಿಂದ ಬಂದ ಸದ್ದು

ನಾಗಸಂದ್ರದಲ್ಲಿ ಮೆಟ್ರೋ ಹತ್ತಿ ಪೀಣ್ಯ ದಾಟುವಾಗ ಕೆಳಗೆ ಕಾಣುವ ಶೆಡ್ಡುಗಳನ್ನು ನೋಡಿದ್ದೀರಲ್ಲ? ಹೆವಿ ಮೆಟಲ್ ಹುಟ್ಟಿದ್ದೂ ಇಂಥದ್ದೇ ಕಾರ್ಖಾನೆಗಳ ಊರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರಿಸ್ಟ್ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಮೆಷಿನ್ನಿಗೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವರು ಎಡಚ, ಹಾಗಾಗಿ ತಂತಿ ಒತ್ತಬೇಕಾದದ್ದು ಅದೇ ಬಲಗೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ತಂತಿಯ ಬಿಗಿಯನ್ನೂ ಸಡಿಲಿಸಿದರು.

'ಮಾಸ್ಟರ್ ಆಫ್ ರಿಯಾಲಿಟಿ' (1971) ಆಲ್ಬಮಿನ ಹಲವು ಹಾಡುಗಳಲ್ಲಿ ಗಿಟಾರಿನ ಶ್ರುತಿ ಮೂರು ಸೆಮಿಟೋನ್ ಕೆಳಗಿದೆ. ಫಸ್ಟ್ ಇಯರ್ ಫಿಸಿಕ್ಸ್ ನೆನಪಿಸಿಕೊಳ್ಳಿ: ತಂತಿಯ ಫ್ರೀಕ್ವೆನ್ಸಿ ಬದಲಾಗೋದು ಬಿಗಿತದ ವರ್ಗಮೂಲದ ಪ್ರಕಾರ. ಅದೇ ತಂತಿಯಲ್ಲಿ ಮೂರು ಸೆಮಿಟೋನ್ ಇಳಿಯಬೇಕಾದರೆ ಬಿಗಿತ ಸುಮಾರು 29% ಕಮ್ಮಿಯಾಗಬೇಕು. ಬೆರಳಿಗೆ ಆರಾಮ, ಕಿವಿಗೆ ಭಾರ. ಮೆಟಲ್ಲಿನ ಆ ಭಾರದಲ್ಲಿ ಒಂದು ಊರಿನ ಕೆಲಸ, ಒಬ್ಬ ಕಾರ್ಮಿಕನ ಗಾಯ ಎರಡೂ ಇವೆ. ಈ ಆಲ್ಬಮ್ ಹೆಡ್‌ಫೋನಿನಲ್ಲೇ ಕೇಳಿ.

ನಮ್ಮೂರಿನ ಇಂಗ್ಲಿಷ್ ರಾಕ್

ಬೆಂಗಳೂರಿಗೆ ರಾಕ್ ಹೊಸದಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ, ಕ್ರಿಪ್ಟೋಸ್ 1998ರಿಂದ ಇವೆ. ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದವು. ಕ್ರಿಪ್ಟೋಸ್‌ನ 'ದ ಕಾಯಿಲ್ಸ್ ಆಫ್ ಅಪೋಲಿಯನ್' (2012) ಯಾವ ದೇಶದ ಮೆಟಲ್ ಆಲ್ಬಮ್ ಪಕ್ಕ ಇಟ್ಟರೂ ನಿಲ್ಲುತ್ತೆ. ಆದರೆ ಇದು ಬೆಂಗಳೂರಿನದು ಅಂತ ಹೇಳದೆ ಕೇಳಿಸಿದರೆ ಗೊತ್ತಾಗಲ್ಲ.

ಇಂಗ್ಲಿಷೇ ಯಾಕೆ ಅನ್ನೋದಕ್ಕೆ ಸಿದ್ಧಾರ್ಥ ಭಾಟಿಯಾ ಅವರ 'ಇಂಡಿಯಾ ಸೈಕೆಡೆಲಿಕ್' (2014) ಓದಿ. 1960–70ರ ದಶಕದ ಭಾರತದ ಬ್ಯಾಂಡುಗಳ ಕಥೆ ಅದು. ಸಿಗರೇಟು ಕಂಪನಿ ನಡೆಸುತ್ತಿದ್ದ ಸಿಮ್ಲಾ ಬೀಟ್ ಸ್ಪರ್ಧೆಯೂ ಅದರಲ್ಲಿದೆ. ಓದಿದ ಮೇಲೆ ನಮಗನಿಸಿದ್ದು ಇಷ್ಟು: ವಿದೇಶಿ ರೆಕಾರ್ಡು ಕೈಗೆ ಸಿಗುತ್ತಿದ್ದ ಮನೆಗಳ ಭಾಷೆಯೇ ರಾಕಿನ ಭಾಷೆಯೂ ಆಯಿತು. ಕನ್ನಡಕ್ಕೆ ತಾಕತ್ತಿರಲಿಲ್ಲ ಅಂತೇನಲ್ಲ.

ಷರೀಫಜ್ಜನ ಬಾಗಿಲು

ಕನ್ನಡಕ್ಕೆ ಬಾಗಿಲು ತೆಗೆದವರು ಶಿಶುನಾಳ ಷರೀಫರು (1819–1889). ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಿದ್ದ ಸಿ. ಅಶ್ವತ್ಥ್ ಅವರ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದರು. 2008ರಲ್ಲಿ ಮೈಸೂರಿನ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮಿನಲ್ಲಿ 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ' ಎರಡಕ್ಕೂ ಗಿಟಾರ್, ಡ್ರಮ್ಸ್ ಸೇರಿಸಿದರು.

ಅವು ಯಾಕೆ ಕೂತವು? ಇಂಗ್ಲಿಷಿನ ಚಿಕ್ಕ ಪದಗಳು ವ್ಯಂಜನದಲ್ಲಿ ಠಕ್ಕಂತ ನಿಂತು ಡ್ರಮ್ಮಿನ ಪೆಟ್ಟಿಗೆ ಸರಿಹೋಗುತ್ತವೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಇಂಗ್ಲಿಷ್ ಟ್ಯೂನಿಗೆ ಕನ್ನಡ ಪದ ತುರುಕಿದರೆ ಬಾಲ ಎಳೆದಂತೆ ಕೇಳೋದು ಅದಕ್ಕೇ. ಆದರೆ ನಮ್ಮಲ್ಲಿ ಲಘು-ಗುರು ಇದೆ, ಒತ್ತಕ್ಷರ ಇದೆ. 'ಗುಡುಗುಡಿ' ಅಂತ ಬಾಯಿಬಿಟ್ಟು ಹೇಳಿ: ನಾಲ್ಕು ಲಘು, ನಾಲ್ಕು ಮಾತ್ರೆ. ಡ್ರಮ್ಮರ್ ಬರುವ ಮುಂಚೆಯೇ ಡ್ರಮ್ ಶುರುವಾಗಿದೆ.

ಇನ್ನೊಂದು ಗುಟ್ಟು ವಸ್ತುವಿನದು. ಹುಕ್ಕಾ, ಸೋರುವ ಮಾಳಿಗೆ ಇವು ಷರೀಫರ ಸುತ್ತಮುತ್ತ ಇದ್ದ ಸಾಮಾನು. ಅದರಲ್ಲೇ ದೇಹ, ಮನಸ್ಸಿನ ಮಾತೆಲ್ಲ ಹೇಳಿಬಿಟ್ಟರು.

ಹಾಗಾದರೆ ನಮ್ಮ ಹಾಡು?

ನಮ್ಮ ಚಿಂತೆ ಇರೋದು ಇಲ್ಲಿ. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ತಂಡದ 'ಈ ಭೂಮಿ' (2009) ಥರದವು ಇವೆ, ನಿಜ. ಆದರೂ ಫೆಸ್ಟುಗಳಲ್ಲಿ ಕನ್ನಡ ರಾಕ್ ಅಂದರೆ ಇವತ್ತಿಗೂ ಬಹುಪಾಲು ಷರೀಫರೇ. ಅದು ಮುಗಿದ ಮೇಲೆ ಬ್ಯಾಂಡು ಇಂಗ್ಲಿಷಿಗೆ ಹೊರಳುತ್ತೆ. 19ನೇ ಶತಮಾನದ ಅಜ್ಜ ಎಷ್ಟು ದಿನ ನಮ್ಮ ಪಾಲಿನ ಕೆಲಸವನ್ನೂ ಮಾಡಬೇಕು? ನೈಟ್ ಶಿಫ್ಟ್ ಮುಗಿಸಿ ಬರೋರು, ಪಿಜಿಯ ತಣ್ಣನೆ ಚಿತ್ರಾನ್ನ, ಜಾಲಹಳ್ಳಿ ಕ್ರಾಸಿನ ಜಾಮು, ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಇಲ್ಲದ ಹೆಸರು, ಇವಕ್ಕೂ ಹಾಡು ಬೇಕಲ್ಲ.

ಬರೆಯೋರಿಗೆ ಒಂದೇ ಕಿವಿಮಾತು: ನಾಲ್ಕು ಸಾಲು ಬರೆದು, ಗಿಟಾರ್ ಮುಟ್ಟದೆ, ಬರೀ ಚಪ್ಪಾಳೆ ಹಾಕಿ ಹೇಳಿ ನೋಡಿ. ಮಾತು ತಾಳಕ್ಕೆ ಬೀಳದಿದ್ದರೆ ಮೊದಲು ಸಾಲು ತಿದ್ದಿ, ಟ್ಯೂನ್ ಆಮೇಲೆ. ಬರೆದದ್ದನ್ನು ಸಂಘಕ್ಕೆ ಕೊಡಿ. ಡ್ರಮ್ಸ್ ಬಾರಿಸೋಕೆ ನಮ್ಮಲ್ಲಿ ಜನ ಇದ್ದಾರೆ, ಸಾಲುಗಳೇ ಇಲ್ಲ.