ಬಾಡಿಗೆ ಮನೆಯ ದುರಸ್ತಿ: ಹೊಣೆ ಯಾರದು?

ಮಳೆಗಾಲದಲ್ಲಿ ತಾರಸಿ ಸೋರಿದರೆ, ಗೋಡೆಯೊಳಗಿನ ನೀರಿನ ಕೊಳವೆ ಒಡೆದರೆ, ಹಳೆಯ ವೈರಿಂಗ್ ಸುಟ್ಟುಹೋದರೆ ಅದನ್ನು ಸರಿಪಡಿಸಬೇಕಾದವರು ಮಾಲೀಕರೋ ಬಾಡಿಗೆದಾರರೋ ಎಂಬ ಪ್ರಶ್ನೆಯು ಬಾಡಿಗೆ ಮನೆಯಲ್ಲಿ ಬಾಳುವ ಕುಟುಂಬಗಳಿಗೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಬೆಂಗಳೂರಿನಲ್ಲಿ ಬಹುಕಾಲದಿಂದ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿಯಿದ್ದು, ಆ ಮೊತ್ತವನ್ನೂ ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಮುರಿದುಕೊಳ್ಳುವ ಹಣವನ್ನೂ ಕರಾರು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಲಾಗುತ್ತದೆಯಾದರೂ, ದುರಸ್ತಿಯ ಹೊಣೆಯ ಬಗ್ಗೆ ಅನೇಕ ಪತ್ರಗಳು ಮೌನವಾಗಿರುತ್ತವೆ. ಬಾಡಿಗೆದಾರರ ಸಂಕಷ್ಟಗಳಲ್ಲಿ ಹಲವು ಹುಟ್ಟುವುದು ಈ ಮೌನದಿಂದಲೇ.

ಈ ವಿಷಯದಲ್ಲಿ ದೇಶದ ಮೂಲ ಕಾನೂನು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೆಯ ಪ್ರಕರಣವು, ಉಭಯರ ನಡುವೆ ಬೇರೆ ಬಗೆಯ ಒಪ್ಪಂದವಿಲ್ಲದಿರುವಾಗ, ಮಾಲೀಕ ಮತ್ತು ಬಾಡಿಗೆದಾರರ ಹಕ್ಕು ಹಾಗೂ ಕರ್ತವ್ಯಗಳನ್ನು ನಿರ್ಧರಿಸುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಬಾಡಿಗೆದಾರರ ಕಣ್ಣಿಗೆ ಬೀಳದಂತಹ, ಆದರೆ ತನಗೆ ತಿಳಿದಿರುವ ಮುಖ್ಯ ದೋಷಗಳನ್ನು ಮಾಲೀಕನು ಮೊದಲೇ ತಿಳಿಸಬೇಕು. ತಾನು ಮಾಡಲೇಬೇಕಾದ ದುರಸ್ತಿಯನ್ನು ಸೂಚನೆ ತಲುಪಿದ ಮೇಲೂ ಯುಕ್ತ ಕಾಲಾವಧಿಯಲ್ಲಿ ಆತ ಮಾಡಿಸದಿದ್ದರೆ, ಬಾಡಿಗೆದಾರನು ಅದನ್ನು ತಾನೇ ಮಾಡಿಸಿ, ತಗುಲಿದ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಬೆಂಕಿ, ಬಿರುಗಾಳಿ ಅಥವಾ ನೆರೆಯಿಂದ ಮನೆಯ ಮುಖ್ಯ ಭಾಗವು ಶಾಶ್ವತವಾಗಿ ವಾಸಕ್ಕೆ ಒದಗದಂತಾದರೆ, ಆ ಹಾನಿಗೆ ತಾನೇ ಕಾರಣನಾಗಿರದ ಬಾಡಿಗೆದಾರನು ಬಾಡಿಗೆ ಸಂಬಂಧವನ್ನೇ ರದ್ದಾಯಿತೆಂದು ಪರಿಗಣಿಸಬಹುದು. ಇದಕ್ಕೆ ಪ್ರತಿಯಾಗಿ, ಬಳಕೆಯಿಂದ ಸಹಜವಾಗಿ ಉಂಟಾಗುವ ಸವಕಳಿಯನ್ನು ಬಿಟ್ಟು, ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸುವುದು ಬಾಡಿಗೆದಾರನ ಕರ್ತವ್ಯ.

ಆದರೆ 'ಮಾಡಲೇಬೇಕಾದ ದುರಸ್ತಿ' ಎಂಬ ಮಾತಿನಲ್ಲೇ ತೊಡಕಿದೆ. ಯಾವ ದುರಸ್ತಿ ಮಾಲೀಕನಿಗೆ ಸೇರಿದ್ದೆಂದು ಈ ಕಾಯ್ದೆ ಪಟ್ಟಿ ಮಾಡುವುದಿಲ್ಲವಾದ್ದರಿಂದ, ಅದನ್ನು ಬಹುಮಟ್ಟಿಗೆ ಕರಾರು ಪತ್ರವೇ ಹೇಳಬೇಕಾಗುತ್ತದೆ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು, ತನ್ನ ಅನುಸೂಚಿಯಲ್ಲಿ ಹೆಸರಿಸಿದ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೂ ಉಳಿದೆಡೆ 2,000 ರೂಪಾಯಿಗೂ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ, ಇಂದಿನ ಬಾಡಿಗೆಯ ಮಟ್ಟದಲ್ಲಿ ನಗರದ ಸಾಮಾನ್ಯ ಕುಟುಂಬಕ್ಕೆ ಅದರ ಆಸರೆ ಸಿಗುವುದು ವಿರಳ.

ಈ ಕೊರತೆಯನ್ನು ತುಂಬಬಲ್ಲ ಮಾದರಿಯೊಂದು ಈಗಾಗಲೇ ಸಿದ್ಧವಿದೆ. ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು, ಬೇರೆ ಒಪ್ಪಂದವಿಲ್ಲದಿದ್ದರೆ, ಕಟ್ಟಡದ ರಚನೆಗೆ ಸಂಬಂಧಿಸಿದ ದುರಸ್ತಿ, ಸುಣ್ಣಬಣ್ಣ, ನೀರಿನ ಕೊಳವೆ ಮತ್ತು ವಿದ್ಯುತ್ ವೈರಿಂಗ್‌ಗಳನ್ನು ಮಾಲೀಕನಿಗೂ, ನಲ್ಲಿ, ಚರಂಡಿಯ ಶುಚಿ, ಸ್ವಿಚ್ಚು, ಬೀಗ, ಕಿಟಕಿಯ ಗಾಜಿನಂತಹ ಸಣ್ಣಪುಟ್ಟ ಕೆಲಸಗಳನ್ನು ಬಾಡಿಗೆದಾರನಿಗೂ ಹಂಚುತ್ತದೆ. ಮಾಲೀಕ ನಿರಾಕರಿಸಿದಾಗ ಬಾಡಿಗೆದಾರನು ಮಾಡಿಸಿದ ದುರಸ್ತಿಯ ವೆಚ್ಚವನ್ನು ಪ್ರತಿ ತಿಂಗಳ ಬಾಡಿಗೆಯ ಅರ್ಧಕ್ಕೆ ಮೀರದಂತೆ ಕಳೆಯಬಹುದು. ಲಿಖಿತವಾಗಿ ಕೇಳಿಕೊಂಡರೂ ದುರಸ್ತಿಯಾಗದೆ ಮನೆ ವಾಸಯೋಗ್ಯವಲ್ಲದಂತೆ ಉಳಿದರೆ 15 ದಿನಗಳ ಲಿಖಿತ ಸೂಚನೆ ಕೊಟ್ಟು ಅದನ್ನು ತೊರೆಯಬಹುದು. ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಸೀಮಿತಗೊಳಿಸುವ ಈ ಮಾದರಿಯು, ಜಗಳದ ನೆಪದಲ್ಲಿ ನೀರು, ವಿದ್ಯುತ್ತುಗಳನ್ನು ತಡೆಯುವುದನ್ನೂ ನಿಷೇಧಿಸುತ್ತದೆ. ವಿದ್ಯುತ್ತು ಮೂಲಭೂತ ಸೌಕರ್ಯವಾಗಿದ್ದು, ಮಾಲೀಕ ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವೂ 2022ರಲ್ಲಿ ಹೇಳಿದೆ. ಆದರೆ ಬಾಡಿಗೆಯ ವಿಷಯವು ಸಂವಿಧಾನದಂತೆ ರಾಜ್ಯಪಟ್ಟಿಗೆ ಸೇರಿರುವುದರಿಂದ, ಯಾವುದೇ ರಾಜ್ಯವು ತನ್ನದೇ ಶಾಸನದ ಮೂಲಕ ಅಳವಡಿಸಿಕೊಂಡಾಗ ಮಾತ್ರ ಈ ಮಾದರಿಗೆ ಅಲ್ಲಿ ಕಾನೂನಿನ ಬಲ ಬರುತ್ತದೆ.

ಚಾಮೇಲಿ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸೂರಿನ ಹಕ್ಕನ್ನು ವಿವರಿಸುತ್ತ, ತಲೆಯ ಮೇಲೊಂದು ಮಾಡಿದ್ದರೆ ಸಾಲದು, ಸುಭದ್ರ ಕಟ್ಟಡ, ಗಾಳಿ, ಬೆಳಕು, ಶುದ್ಧ ನೀರು ಮತ್ತು ನೈರ್ಮಲ್ಯಗಳೂ ಅದರಲ್ಲಿ ಅಡಕವಾಗಿವೆ ಎಂಬ ನಿಲುವು ತಳೆಯಿತು. ಈ ನಿಲುವು ಬಾಡಿಗೆಯ ಸೂರಿಗೂ ಅಷ್ಟೇ ಒಪ್ಪುವಂಥದ್ದು. ಶಾಸನವು ಕಾಲಕ್ಕೆ ತಕ್ಕಂತೆ ಬದಲಾಗುವವರೆಗೆ ಬಾಡಿಗೆದಾರರಿಗೆ ದೊಡ್ಡ ಕಾವಲು ಅವರ ಕರಾರು ಪತ್ರವೇ ಆಗಿದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಯಾವ ದುರಸ್ತಿ ಯಾರದು, ಎಷ್ಟು ದಿನಗಳಲ್ಲಿ ಆಗಬೇಕು, ವೆಚ್ಚವನ್ನು ಹೇಗೆ ಹೊಂದಿಸಬೇಕು ಎಂಬುದನ್ನು ಬರೆಸಿಕೊಳ್ಳಬೇಕು. ಮನೆಗೆ ಕಾಲಿಡುವ ದಿನವೇ ಗೋಡೆ, ತಾರಸಿ, ನಲ್ಲಿಗಳ ಸ್ಥಿತಿಯ ಚಿತ್ರ ತೆಗೆದಿಡಬೇಕು. ದೋಷ ಕಂಡೊಡನೆ ಮಾಲೀಕರಿಗೆ ಬರಹದಲ್ಲಿಯೇ ತಿಳಿಸಬೇಕು.